ತವರಿನ ಫೋನಿನ ಬೀಗ

ಹೋದ ವರ್ಷ ನಾನು ಕೊಂಡ ಫೋನಿನಲ್ಲಿ ಕ್ರಿಕೆಟ್ ಸುದ್ದಿ ಹೇಳುವ ಆ್ಯಪೊಂದು ಕರೆಯದೆಯೇ ಬಂದು ಕೂತಿತ್ತು. ಕುಂಟೆಬಿಲ್ಲೆಯ ಆಚೆಗೆ ಯಾವ ಆಟವನ್ನೂ ಅರಿಯದ ನನಗೆ ಅದರಿಂದ ಕಿಂಚಿತ್ತೂ ಪ್ರಯೋಜನವಿರಲಿಲ್ಲವಾದ್ದರಿಂದ, ಈ ಅನಾಹ್ವಾನಿತ ಅತಿಥಿಯನ್ನು ಸೌಜನ್ಯದಿಂದಲೇ ಬೀಳ್ಕೊಡೋಣವೆಂದು ಅದರ ಮೇಲೆ ಬೆರಳೊತ್ತಿ ಹಿಡಿದೆ. ಬೇರೆ ಆ್ಯಪುಗಳಿಗೆ ಹಾಗೆ ಮಾಡಿದರೆ ತೆಗೆದುಹಾಕುವ ಆಯ್ಕೆ ಮೂಡುತ್ತದೆ, ಇದಕ್ಕೆ ಮೂಡಲಿಲ್ಲ. ಫೋನು ನನ್ನದು, ರಸೀದಿಯಲ್ಲಿರುವ ಹೆಸರು ನನ್ನದು, ಆದರೆ ಒಳಗೆ ಯಾರಿರಬೇಕು, ಯಾರು ಹೊರಡಬೇಕು ಎಂದು ತೀರ್ಮಾನಿಸುವವರು ಇನ್ನಾರೋ. ಸ್ವಂತ ಮನೆಯಲ್ಲಿ ಬಾಡಿಗೆಯವರ ಹಾಗೆ ಬದುಕುವುದು ಹೆಂಗಸರಿಗೆ ಹೊಸದೇನಲ್ಲ ಬಿಡಿ. ಆದರೂ ನಿವೃತ್ತಿಯಾದ ಮೇಲೆ ನನಗೆ ಇಂಥ ಸಣ್ಣ ವಿಷಯಗಳಿಗೇ ದೊಡ್ಡ ಸಿಟ್ಟು ಬರುತ್ತದೆ.

ಹಾಸನದ ಹೈಸ್ಕೂಲೊಂದರಲ್ಲಿ ಆಯುಷ್ಯದ ಉತ್ತಮಾಂಶವನ್ನೆಲ್ಲ ಬೀಜಗಣಿತ ಕಲಿಸುವುದರಲ್ಲಿ ಕಳೆದವಳು ನಾನು. ಬಿಡಿಸಲಾಗದ ಗಂಟು ಕಂಡರೆ ಕೈ ಸುಮ್ಮನಿರುವುದಿಲ್ಲ. ಓರಗೆಯವರು ಭಜನೆ, ಯೋಗ, ಮೊಮ್ಮಕ್ಕಳು ಎಂದು ಹಂಚಿಹೋದಾಗ ನಾನು ಕನ್ನಡಕವೇರಿಸಿ ಅಂತರ್ಜಾಲದಲ್ಲಿ ಕೂತು ಫೋನಿನ ಬೀಗ ಬಿಚ್ಚುವ ವಿದ್ಯೆಯನ್ನು ಅಭ್ಯಾಸ ಮಾಡಿದೆ. ವಿದ್ಯೆಯ ತಾತ್ಪರ್ಯ ಕಷ್ಟದ್ದಲ್ಲ. ಫೋನು ಕಣ್ಣುಬಿಡುವ ಮೊದಲು ಅದರೊಳಗೆ ಬೂಟ್‌ಲೋಡರ್ ಎಂಬ ಸಣ್ಣದೊಂದು ತಂತ್ರಾಂಶ ಎಚ್ಚರಗೊಳ್ಳುತ್ತದೆ. ಅದು ಹೆಬ್ಬಾಗಿಲ ಕಾವಲುಗಾರ. ಕಂಪನಿಯ ಮುದ್ರೆ ಇದ್ದದ್ದನ್ನು ಮಾತ್ರ ಒಳಗೆ ಬಿಡುತ್ತದೆ. ಅದರ ಬೀಗ ತೆಗೆಸಿದರೆ ಫೋನಿನ ಸಮಸ್ತ ಅಧಿಕಾರವನ್ನೂ ನಮ್ಮ ಕೈಗೆ ತಂದುಕೊಳ್ಳಬಹುದು, ಅದಕ್ಕೆ ರೂಟ್ ಮಾಡುವುದು ಎನ್ನುತ್ತಾರೆ. ಆಮೇಲೆ ಕ್ರಿಕೆಟ್ಟನ್ನೂ ಅಟ್ಟಬಹುದು, ಜಾಹೀರಾತನ್ನೂ ಅಟ್ಟಬಹುದು. ಮೊಬೈಲ್ ಕಂಪನಿಗಳು ತಮ್ಮ ಸಿಮ್ ಒಂದನ್ನೇ ಒಪ್ಪುವಂತೆ ಕಟ್ಟಿಹಾಕಿ ಅಗ್ಗಕ್ಕೆ ಮಾರುವ ಫೋನುಗಳಲ್ಲಂತೂ ಈ ಬೀಗ ಇನ್ನೂ ಬಿಗಿ. ಬೀಗ ತೆಗೆಯುವ ಆಯ್ಕೆಯನ್ನೇ ಬೂದುಬಣ್ಣಕ್ಕೆ ತಿರುಗಿಸಿ, ಒತ್ತಿದರೂ ಒತ್ತಿಸಿಕೊಳ್ಳದಂತೆ ಮಾಡಿರುತ್ತಾರೆ. ಆದರೆ ಅಗ್ಗದ ಫೋನು ಕಟ್ಟಿದವರು ಎಷ್ಟೋ ಸಲ ಮುಂಬಾಗಿಲಿಗೆ ಭದ್ರವಾಗಿ ಬೀಗ ಜಡಿದು ಹಿತ್ತಿಲ ಬಾಗಿಲಿಗೆ ಚಿಲಕ ಹಾಕುವುದನ್ನೇ ಮರೆತಿರುತ್ತಾರೆ. ಆ ಹಿತ್ತಿಲ ಬಾಗಿಲನ್ನು ಹುಡುಕುವ ಸುಖ, ಉತ್ತರ ಬಾರದ ಲೆಕ್ಕಕ್ಕೆ ಉತ್ತರ ಹೊಳೆದ ಸುಖದಷ್ಟೇ ದೊಡ್ಡದು.

ನನ್ನ ಮೊದಲ ಬಲಿಪಶು ಹೊಳೆನರಸೀಪುರದ ನನ್ನ ತಮ್ಮ. ತವರಿನ ಬಟ್ಟೆ ಅಂಗಡಿಯನ್ನು ನಡೆಸಿಕೊಂಡು ಬಂದಿರುವ ಶಿವಭಕ್ತ, ಪರಮ ಸಾಧು. 'ನಿನ್ನ ಫೋನಿಗೆ ಮೋಕ್ಷ ಕೊಡಿಸುತ್ತೇನೆ' ಎಂದು ಅವನಿಂದ ಅದನ್ನು ಕಿತ್ತುಕೊಂಡು, ಬೀಗ ಬಿಚ್ಚಿ, ಕಂಪನಿಯ ಹೆಸರು ಹೊತ್ತ ಸಕಲವನ್ನೂ ಉತ್ಸಾಹದಿಂದ ಗುಡಿಸಿ ಹಾಕಿದೆ. ಆ ಕಸದ ಜೊತೆಯಲ್ಲಿ ಗಡಿಯಾರವೂ ಹೋಗಿತ್ತೆಂಬುದು ನನಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಮರುದಿನ ಅಲಾರಾಂ ಹೊಡೆಯಲಿಲ್ಲ. ಎಬ್ಬಿಸಲು ಹೆಂಡತಿಯೂ ಅಂದು ಊರಿನಲ್ಲಿರಲಿಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಲಿಂಗಪೂಜೆ ಮಾಡುತ್ತಿದ್ದ ಮನುಷ್ಯ ಬಿಸಿಲೇರುವವರೆಗೆ ಗೊರಕೆ ಹೊಡೆದ. ಅಂಗಡಿಯ ಬಾಗಿಲು ತೆರೆಯದ್ದು ಕಂಡು ಪೇಟೆಯವರು ಏನೋ ಆಗಿಹೋಯಿತೆಂದು ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದರು. ಸಾಲದ್ದಕ್ಕೆ ಬ್ಯಾಂಕಿನ ಆ್ಯಪು ಬೀಗ ಬಿಚ್ಚಿದ ಫೋನಿನಲ್ಲಿ ತಾನು ಕೆಲಸ ಮಾಡುವುದಿಲ್ಲವೆಂದು ಹಟ ಹಿಡಿಯಿತು. ತಮ್ಮ ಫೋನನ್ನು ನನ್ನ ಮುಂದಿಟ್ಟು, 'ಅಕ್ಕಾ, ನಿನ್ನ ಮೋಕ್ಷ ನಂಗ್ ಬ್ಯಾಡ ಕಣಮ್ಮ, ನನ್ ಅಲಾರಾಂ ಕೊಡು' ಎಂದ.

ಇಂಥ ಕೆಲವು ಅವಘಡಗಳ ನಡುವೆಯೂ ನನ್ನ ಕೀರ್ತಿ ಹಬ್ಬಿತು. ಕೀರ್ತಿಗೆ ಕಾಲಿದೆ, ಅದರಲ್ಲೂ ನೆಂಟರಿಷ್ಟರ ನಡುವೆ ಅದು ಬಸ್ಸನ್ನೂ ಕಾಯುವುದಿಲ್ಲ. ಅರಕಲಗೂಡು ದಾಟಿ ಮಲ್ಲಿಪಟ್ಟಣದ ಹತ್ತಿರವಿರುವ ನನ್ನ ಗಂಡನ ಊರನ್ನು ಅದು ಮುಟ್ಟಿದ್ದೇ ತಡ, ನನ್ನ ಅತ್ತೆಯಿಂದ ಬುಲಾವು ಬಂತು. ಅಲ್ಲಿನ ಮನೆಯಲ್ಲಿ ಅತ್ತೆ, ನನ್ನ ಮೈದುನ, ಅವನ ಹೆಂಡತಿ ಮಂಗಳ ಇದ್ದಾರೆ. ವಿಷಯ ಮಂಗಳಳ ಫೋನಿನದು.

ಆ ಫೋನಿನ ಚರಿತ್ರೆ ಸ್ವಲ್ಪ ಹೇಳಬೇಕು. ಮಂಗಳಳ ತವರು ಚನ್ನರಾಯಪಟ್ಟಣದ ಕಡೆ. ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮ ಕೊಡಲು ಬಂದ ಅವಳ ಅಣ್ಣ, ಪ್ರತಿ ವರ್ಷವೂ ಸೀರೆಯೇ ಏಕೆಂದು ಯೋಚಿಸಿ ಈ ಸಲ ಬಾಗಿನದ ಜೊತೆ ಒಂದು ಫೋನು ತಂದಿದ್ದ. ಅಂಗಡಿಯಲ್ಲಿ ಬಹಳ ಜಾಣತನದಿಂದ ವಿಚಾರಿಸಿ, ಯಾವ ಕಂಪನಿಯ ಸಿಗ್ನಲ್ಲು ತುಂಬು ಗೆರೆ ತೋರಿಸುತ್ತದೆಯೋ ಅದೇ ಕಂಪನಿಯ ಬೀಗ ಹಾಕಿದ ಅಗ್ಗದ ಫೋನನ್ನು ಆರಿಸಿದ್ದ. ಗೆರೆ ತುಂಬಿದ್ದು ಅವನ ಊರಿನಲ್ಲಿ. ತಂಗಿ ಬಾಳುತ್ತಿರುವುದು ಈ ಊರಿನಲ್ಲಿ. ಇದು ನಮ್ಮ ಕಡೆಯ ಅಣ್ಣತಮ್ಮಂದಿರು ಮಾತ್ರ ಮಾಡಬಲ್ಲ ತಪ್ಪು. ಮದುವೆಯಾಗಿ ಎಷ್ಟು ವರ್ಷವಾದರೂ ಹೆಣ್ಣುಮಗಳನ್ನು ತಮ್ಮ ಅಂಗಳದಲ್ಲೇ ನಿಂತಿರುವವಳೆಂದು ಭಾವಿಸಿಬಿಡುತ್ತಾರೆ. ಇಲ್ಲಿ ಆ ಕಂಪನಿಯ ಸಿಗ್ನಲ್ಲು ಸಿಗುವುದು ಊರಾಚೆಯ ಕೆರೆ ಏರಿಯ ಮೇಲೆ ಮಾತ್ರ. ಮನೆಯೊಳಗೆ ಸಿಗುವ ಇನ್ನೊಂದು ಕಂಪನಿಯ ಸಿಮ್ಮನ್ನು ಈ ಫೋನು ಒಪ್ಪುವುದಿಲ್ಲ. ಹಾಗೆಂದು ಬೇರೆ ಫೋನು ತರುವಂತೆಯೂ ಇಲ್ಲ. ಗೌರಿ ಹಬ್ಬಕ್ಕೆ ತವರು ಕೊಟ್ಟದ್ದನ್ನು ಮೂಲೆಗೆ ಹಾಕಿದರೆ ಅಣ್ಣನ ಮುಖಕ್ಕೆ ಹೊಡೆದಂತೆ, ಅದಕ್ಕೆ ಗಂಡನ ಮನೆಯವರೂ ಒಪ್ಪುವುದಿಲ್ಲ.

ಅತ್ತೆಗೆ ತಮ್ಮ ಹಳೆಯ ಬಟನ್ ಫೋನಿನಲ್ಲಿ ಕೂಗಿ ಮಾತಾಡುವ ರೂಢಿ. 'ಪ್ರಭಾ, ಮಂಗ್ಳುಂಗೆ ದಿನಾ ಸಂಜೆ ಏರಿ ಮ್ಯಾಕೆ ಓಗಾದೇ ಆಯ್ತು ಕಣವ್ವ. ಮಂಡಿ ನೋವು ಬ್ಯಾರೆ ಅವ್ಳಿಗೆ. ನೀನು ಅದೇನೋ ಬೀಗ ಬಿಚ್ತೀಯಂತಲ್ಲ, ಬಂದು ಬಿಚ್ಕೊಟ್ಟು ಓಗು' ಎಂದರು. ಸೊಸೆಯ ಮಂಡಿಗಾಗಿ ಅತ್ತೆ ಮರುಗುವುದು ಲೋಕದಲ್ಲಿ ದಿನವೂ ನಡೆಯುವ ಸಂಗತಿಯಲ್ಲ; ನನಗೆ ಕಣ್ಣು ತೇವವಾಯಿತು. ಹಾಸನದಲ್ಲಿ ಕೂತೇ ಆ ಮಾದರಿಯ ಫೋನಿನ ಹಿತ್ತಿಲ ಬಾಗಿಲನ್ನು ಪತ್ತೆ ಹಚ್ಚಿ, ಬೀಗ ಬಿಚ್ಚಿದ ಮೇಲೆ ಬೇರೆ ಸಿಮ್ಮನ್ನು ಒಪ್ಪಿಸುವ ದಾರಿಯನ್ನೂ ಓದಿಕೊಂಡು, ಲ್ಯಾಪ್‌ಟಾಪು, ಕೇಬಲ್ಲುಗಳನ್ನು ಚೀಲಕ್ಕೆ ತುಂಬಿ ಅರಕಲಗೂಡಿನ ಬಸ್ಸು ಹತ್ತಿದೆ. 'ಅಲ್ಲೂ ಅಲಾರಾಂ ಕಳೆದುಬಿಟ್ಟೀಯೆ' ಎಂದು ನನ್ನ ಗಂಡ ಬಾಗಿಲಲ್ಲಿ ನಿಂತು ಹಾರೈಸಿದರು.

ಊರಿನಲ್ಲಿ ನನಗೆ ವೈದ್ಯರಿಗೆ ಸಲ್ಲುವ ಮರ್ಯಾದೆಯೇ ಸಂದಿತು. ಪಡಸಾಲೆಯಲ್ಲಿ ಚಾಪೆ ಹಾಸಿ, ಪ್ಲಗ್ಗು ತೋರಿಸಿ, ಕಾಫಿ ತಂದಿಟ್ಟರು. ಬೀಗ ಬಿಚ್ಚುವಾಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಮಂಗಳಳ ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳತೊಡಗಿದೆ. ಶಸ್ತ್ರಕ್ರಿಯೆ ಮರುದಿನ ಬೆಳಿಗ್ಗೆಗೆ ಎಂದು ಘೋಷಿಸಿದೆ. ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಮಂಗಳ, ಅತ್ತೆ ಹಿತ್ತಿಲಿಗೆ ಹೋದದ್ದನ್ನು ನೋಡಿಕೊಂಡು, ಮೆಲ್ಲಗೆ ಕೇಳಿದಳು:

'ಅಕ್ಕ, ಇದ ಬಿಚ್ಚುದ್ರೆ ಮನೆ ಒಳ್ಗೇ ಸಿಗ್ನಲ್ ಸಿಕ್ಬುಡ್ತದಾ?'

'ಅಡುಗೆಮನೆಯಲ್ಲೇ ಸಿಗುತ್ತೆ ಕಣೇ. ಒಲೆ ಮುಂದೆ ನಿಂತೇ ನಿಮ್ಮಣ್ಣನ ಹತ್ತಿರ ಮಾತಾಡಬಹುದು' ಎಂದೆ, ವರ ಕೊಡುವ ದೇವತೆಯ ಧಾಟಿಯಲ್ಲಿ.

'ಒಲೆ ಮುಂದೇನಾ' ಎಂದಷ್ಟೇ ಅಂದು ಅವಳು ಮತ್ತೆ ಅವರೆಕಾಯಿಗೆ ಕೈಹಾಕಿದಳು. ವರ ಪಡೆದವರ ಮುಖ ಹಾಗಿರುವುದಿಲ್ಲವೆಂಬುದು ನನಗೂ ಹೊಳೆಯಿತು, ಆದರೆ ಮಂಡಿ ನೋವೇ ಕಾರಣವಿರಬೇಕೆಂದುಕೊಂಡೆ. ಗಣಿತದ ಮೇಡಂಗಳಿಗೆ ಉತ್ತರ ಮೊದಲೇ ಗೊತ್ತಿರುತ್ತದಾದ್ದರಿಂದ ಪ್ರಶ್ನೆಯನ್ನು ಪೂರ್ತಿ ಓದುವ ಅಭ್ಯಾಸ ಕಡಿಮೆ.

ಸಂಜೆ ಮಂಗಳ ಕೊನೆಯ ಸಲವೆಂಬಂತೆ ತಲೆ ಬಾಚಿ, ಹೂ ಮುಡಿದು ಏರಿಗೆ ಹೊರಟಾಗ ನಾನೂ ಜೊತೆಗೆ ನಡೆದೆ. ಅಂಗಳ ದಾಟುವಷ್ಟರಲ್ಲಿ ಎದುರುಮನೆ ಜಯಮ್ಮ ಸೆರಗು ಸರಿಮಾಡಿಕೊಂಡು ಕೂಡಿಕೊಂಡಳು. ಬೀದಿ ತಿರುವಿನಲ್ಲಿ ಇನ್ನಿಬ್ಬರು ಹೆಂಗಸರು ಕಾದಿದ್ದರು. ಮುಸ್ಸಂಜೆಯಲ್ಲಿ ಹೆಣ್ಣುಮಗಳು ಒಂಟಿಯಾಗಿ ಕೆರೆ ಕಡೆ ಹೋಗಬಾರದೆಂಬುದು ಊರಿನ ಪದ್ಧತಿಯಾದ್ದರಿಂದ, ಒಂದು ಫೋನಿನ ಕಾವಲಿಗೆ ಇವರೆಲ್ಲರೂ ಬೇಕಾಗಿತ್ತು. ಯಾವ ಮನೆಯವರೂ ಇದಕ್ಕೆ ತಕರಾರು ಮಾಡುವಂತಿರಲಿಲ್ಲ. ತವರಿನ ಫೋನು, ಅಣ್ಣನ ಕರೆ, ಜೊತೆಗೆ ಹೋಗುವುದು ನೆರೆಹೊರೆಯ ಧರ್ಮ.

ಏರಿಯ ಮೇಲೆ ನಿಂತು ಮಂಗಳ ಅಣ್ಣನಿಗೆ ಫೋನು ಮಾಡಿ, ಊಟ ತಿಂಡಿ ವಿಚಾರಿಸಿ, ತೆಂಗಿನಕಾಯಿ ಕೆಡವಿಸಿದರೇ ಎಂದು ಕೇಳಿ ಮುಗಿಸಿದಳು. ಅಷ್ಟಕ್ಕೆ ಕೆಲಸವೇನೋ ಆಯಿತು. ಯಾರೂ ಹಿಂದಿರುಗುವ ಲಕ್ಷಣ ಕಾಣಲಿಲ್ಲ. ತೂಬಿನ ಕಟ್ಟೆಯ ಮೇಲೆ ನೀರಿನ ಕಡೆಗೆ ಕಾಲು ಇಳಿಬಿಟ್ಟು ಸಾಲಾಗಿ ಕೂತರು. ಒಬ್ಬಳು ಸೆರಗಿನ ಗಂಟು ಬಿಚ್ಚಿ ಹುರಿಗಡಲೆ ಹಂಚಿದಳು. ಜಯಮ್ಮ ತನ್ನ ಗಂಡ ಟಿವಿ ಮುಂದೆ ನಿದ್ದೆ ಹೋಗುವ ಪರಿಯನ್ನು, ಬಾಯಿ ತೆರೆದು, ಕತ್ತು ವಾಲಿಸಿ, ನಡುನಡುವೆ ಬೆಚ್ಚಿ 'ನಾನ್ ನೋಡ್ತಾವ್ನಿ, ಆರಿಸ್ಬ್ಯಾಡ' ಎನ್ನುವುದರ ಸಮೇತ ಅಭಿನಯಿಸಿದಳು. ಮಂಗಳ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಪಕ್ಕದವಳ ಹೆಗಲಿಗೆ ಬಡಿದು ಬಡಿದು ನಕ್ಕಳು. ಅವಳು ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ನೋಡುತ್ತಿರುವ ನಾನು ಅವಳ ಆ ನಗುವನ್ನು ಅದುವರೆಗೆ ಕೇಳಿಯೇ ಇರಲಿಲ್ಲ. ಕೇಳಿ ನನಗೆ ಸಂತೋಷವಾಯಿತು. ಮರುಕ್ಷಣವೇ ನಾಳೆ ನಾನು ಮಾಡಲು ಹೊರಟಿರುವುದು ನೆನಪಾಗಿ, ಬಾಯಿಗೆ ಹಾಕಿಕೊಳ್ಳಲಿದ್ದ ಹುರಿಗಡಲೆಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡೆ.

ನನ್ನ ಮುಖವನ್ನು ಜಯಮ್ಮ ಓದಿಕೊಂಡಳು. 'ಟೀಚರಮ್ಮ, ನೀವು ನಾಳೆ ಇದ್ರ ಬೀಗ ಬಿಚ್ಬುಟ್ರೆ ನಾಳಿದ್ದಿಂದ ನಾವು ಏನಂತ ಏಳ್ಕಂಡು ಇಲ್ಲಿಗ್ ಬರಾನ?' ಎಂದಳು.

ಮಂಗಳ ನೀರನ್ನೇ ನೋಡುತ್ತ, 'ಬಿಚ್ಬ್ಯಾಡಿ ಅಕ್ಕ. ಆಗಾಕಿಲ್ಲ ಅಂತ ಏಳ್ಬುಡಿ' ಎಂದಳು. ಮಂಡಿ ನೋವಿಲ್ಲವೇನೇ ಎಂದರೆ, 'ಮನೇಲಿ ಅದೆ, ಇಲ್ಲಿಲ್ಲ' ಎಂದಳು.

ನಮ್ಮ ಕಡೆ ಗಂಡಸರಿಗೆ ಹೊರಗೆ ಕೂರಲು ಕಾರಣ ಬೇಡ. ಅರಳಿಕಟ್ಟೆ, ಟೀ ಅಂಗಡಿ, ಡೇರಿಯ ಜಗುಲಿ, ಎಲ್ಲಿ ಕೂತರೂ ಕೂತದ್ದೇ ಕಾರಣ. ಹೆಂಗಸು ಹೊಸಿಲು ದಾಟಬೇಕಾದರೆ ಕೈಯಲ್ಲಿ ಏನಾದರೊಂದು ಕೆಲಸವಿರಬೇಕು: ಬಿಂದಿಗೆ, ಬಟ್ಟೆಯ ಗಂಟು, ಹುಲ್ಲಿನ ಹೊರೆ, ಹಣ್ಣುಕಾಯಿಯ ತಟ್ಟೆ. ಮನೆಮನೆಗೆ ನಲ್ಲಿ ಬಂತು, ಒಳ್ಳೆಯದಾಯಿತು. ಬಿಂದಿಗೆಯ ನೆಪ ಹೋಯಿತು. ವಾಷಿಂಗ್ ಮೆಷೀನು ಬಂತು, ಬೆನ್ನುನೋವು ಕಡಿಮೆಯಾಯಿತು. ಕೆರೆಯ ಸೋಪಾನ ಖಾಲಿಯಾಯಿತು. ಅನುಕೂಲಗಳೆಲ್ಲ ಒಂದೊಂದಾಗಿ ಒಳಗೆ ಬಂದು ಕೂತ ಮೇಲೆ, ಹೆಂಗಸರು ಹೊರಗೆ ಬರುವುದಕ್ಕೆ ಉಳಿದಿದ್ದ ಕೊನೆಯ ಅನನುಕೂಲ ಈ ಫೋನು. ನಾನು ಇವರನ್ನು ಕಂಡು ಮರುಗುವ ಎತ್ತರದಲ್ಲೇನೂ ಇಲ್ಲ. ಹಾಸನದ ಶಾಲೆಗೆ ಬಸ್ಸು ಹಿಡಿದು ಓಡುತ್ತಿದ್ದ ಅಷ್ಟೂ ವರ್ಷ ನನಗೆ ಬೀಜಗಣಿತವೇ ಬಿಂದಿಗೆಯಾಗಿತ್ತು. ನಿವೃತ್ತಿಯ ಮಾರನೆಯ ದಿನ, ತರಕಾರಿಯ ಚೀಲ ಹಿಡಿಯದೆ ಬೀದಿಗಿಳಿದಾಗ ಎಲ್ಲಿಗೆ ಎಂದು ಕೇಳಿದ ಪಕ್ಕದ ಮನೆಯವರಿಗೆ ಉತ್ತರ ಹೇಳಲಾಗದೆ ತೊದಲಿದವಳು ನಾನೇ.

ಬೆಳಿಗ್ಗೆ ಮನೆಮಂದಿಯೆಲ್ಲ ಚಾಪೆಯ ಸುತ್ತ ನೆರೆದರು. ಮೈದುನ ಹಾಲಿನ ಕ್ಯಾನನ್ನು ಡೇರಿಗೆ ಹಾಕಿ ಬಂದು ಮುಂದಿನ ಸಾಲಿನಲ್ಲೇ ಕೂತ. ಎಲ್ಲರ ಮುಂದೆ ಏನನ್ನೂ ಮಾಡದೆ ಕೈಚೆಲ್ಲುವಂತಿರಲಿಲ್ಲ. ನಾನು ಫೋನನ್ನು ಆರಿಸಿ, ಧ್ವನಿಯ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಕೇಬಲ್ಲು ಚುಚ್ಚಿದೆ. ನಾನು ಓದಿಕೊಂಡು ಬಂದದ್ದು ಅಕ್ಷರಶಃ ನಿಜವಾಗಿತ್ತು. ಹಿತ್ತಿಲ ಬಾಗಿಲು ಗಾಳಿಗೆ ತೆರೆದಂತೆ ತೆರೆದುಕೊಂಡಿತು. ಕಪ್ಪು ಪರದೆಯ ಮೇಲೆ ಬೀಗ ತೆಗೆಯಲೇ, ಬೇಡವೇ ಎಂಬ ಪ್ರಶ್ನೆ ಮೂಡಿತು. ಮೇಲಿನ ಗುಂಡಿ ಒತ್ತಿದರೆ ತೆಗೆಯುತ್ತದೆ, ಕೆಳಗಿನದು ಒತ್ತಿದರೆ ಬಿಟ್ಟುಬಿಡುತ್ತದೆ. ನಿಜ ಹೇಳುತ್ತೇನೆ, ನನ್ನ ಬೆರಳು ಮೇಲಿನ ಗುಂಡಿಯ ಮೇಲೆಯೇ ಇತ್ತು. ಇಷ್ಟು ಸುಲಭವಾಗಿ, ಇಷ್ಟು ಸುಂದರವಾಗಿ ಶರಣಾದ ಬೀಗವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಪ್ರೇಕ್ಷಕರೂ ಇದ್ದರು, ನನ್ನ ಗಂಡನಿಗೆ ಉತ್ತರವೂ ಕೊಡಬೇಕಿತ್ತು. ಅಡುಗೆಮನೆಯ ಬಾಗಿಲಲ್ಲಿ ಮಂಗಳ ಸೌಟು ಹಿಡಿದು ನಿಂತಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಫೋನನ್ನು ನೋಡುತ್ತಿದ್ದಳು.

ಕೆಳಗಿನ ಗುಂಡಿ ಒತ್ತಿದೆ. ಫೋನು ಎಂದಿನಂತೆ ಕಂಪನಿಯ ಹೆಸರು ತೋರಿಸುತ್ತ ಎದ್ದಿತು. 'ಇಲ್ಲ, ಇದು ನನ್ನ ಕೈಲಿ ಆಗೋದಲ್ಲ. ಬೀಗ ಬಹಳ ಗಟ್ಟಿ' ಎಂದೆ.

ಆ ವಾಕ್ಯವನ್ನು ಹೇಳುವುದು ಎಷ್ಟು ಕಷ್ಟವೆಂದು, ಬಲ್ಲ ಲೆಕ್ಕವನ್ನು ಕರಿಹಲಗೆಯ ಮೇಲೆ ಬೇಕೆಂದೇ ತಪ್ಪು ಮಾಡಿದವರಿಗೆ ಮಾತ್ರ ಗೊತ್ತು. ಮೈದುನ ಪಾಪ, 'ಓಗ್ಲಿ ಬುಡಿ ಅತ್ಗೆ, ವಯಸ್ಸಾಯ್ತು, ನಿಮ್ಗೂ ಕಣ್ಣು ಕಾಣ್ಬೇಕಲ್ಲ' ಎಂದು ಸಮಾಧಾನ ಮಾಡಿದ. ಆ ಸಮಾಧಾನ ಇನ್ನೂ ಹೆಚ್ಚು ಚುಚ್ಚಿತು. ಹಾಸನಕ್ಕೆ ಸುದ್ದಿ ನನಗಿಂತ ಮೊದಲೇ ತಲುಪಿ, ನನ್ನ ಗಂಡ ಆ ವಾರವಿಡೀ ಅತ್ಯಂತ ಸೌಮ್ಯವಾಗಿ ನಡೆದುಕೊಂಡರು. ಆದರೆ ಬುತ್ತಿ ಕಟ್ಟಿಕೊಡುವಾಗ ಮಂಗಳ ಅಕ್ಕಿರೊಟ್ಟಿಯ ನಡುವೆ ಎಂದಿಗಿಂತ ಹೆಚ್ಚು ಬೆಣ್ಣೆ ಇಟ್ಟಿದ್ದಳು, ಅದನ್ನು ನಾನು ಬಸ್ಸಿನಲ್ಲೇ ತಿಂದು ಮುಗಿಸಿದೆ.

ಈ ವಿದ್ಯೆಯಲ್ಲಿ ನನಗೆ ಯಾವಾಗಲೂ ಸ್ವಲ್ಪ ನೋವು ಕೊಡುವ ಸಂಗತಿಯೊಂದಿದೆ. ಬೀಗ ಬಿಚ್ಚಿದ ಎಷ್ಟೋ ಫೋನುಗಳು ಪ್ರತಿ ಸಲ ಎದ್ದಾಗಲೂ, ಈ ಸಾಧನವನ್ನು ನಂಬಲಾಗದು ಎಂಬ ಎಚ್ಚರಿಕೆಯನ್ನು ತೋರಿಸಿ ಆಮೇಲೆ ಮುಂದುವರಿಯುತ್ತವೆ. ಯಾರ ಹಂಗೂ ಇಲ್ಲದೆ ತನ್ನಿಷ್ಟದಂತೆ ಇರುತ್ತೇನೆಂದವರ ಹಣೆಯ ಮೇಲೆ ಲೋಕ ಬರೆಯುವುದೂ ಅದನ್ನೇ. ಆ ಬರಹವನ್ನು ಹೊತ್ತು ತಿರುಗುವ ಧೈರ್ಯ ಎಲ್ಲರಿಗೂ ಇರಬೇಕೆಂದು ಹೇಳಲು ನಾನು ಯಾರು? ಬೀಗವನ್ನು ಹಾಗೆಯೇ ಇಟ್ಟುಕೊಂಡು ಅದರ ಸಂದಿಯಲ್ಲೇ ಒಂದು ಸಂಜೆಯನ್ನು ಸಂಪಾದಿಸಿಕೊಳ್ಳುವುದೂ ಒಂದು ಜಾಣ್ಮೆಯೇ. ಹಾಗಿರಬೇಕಾಗಿಲ್ಲದ ಕಾಲ ಬಂದರೆ ಒಳ್ಳೆಯದು ಎಂಬ ಆಸೆಯನ್ನಂತೂ ನಾನು ಬಿಟ್ಟಿಲ್ಲ.

ಮುಂದಿನ ಸಲ ಊರಿಗೆ ಹೋದಾಗ, ಹಿತ್ತಿಲಲ್ಲಿ ಬಿಸಿಲು ಕಾಯುತ್ತಿದ್ದ ಅತ್ತೆ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, 'ನೀನು ಬಿಚ್ಚಾಕಾಗ್ದೆ ಬುಟ್ಟೋಳಲ್ಲ ಅಂತ ನಂಗೊತ್ತು ಕಣವ್ವ' ಎಂದರು. ಈಗ ಮಂಗಳಳ ವಿಚಾರಣೆ ಶುರುವಾಯಿತೆಂದೇ ತಿಳಿದೆ. ಅತ್ತೆ ತಮ್ಮ ಕೈಬಳೆಗಳನ್ನು ತಿರುಗಿಸುತ್ತ, 'ನನ್ ಈ ಬಟನ್ ಫೋನು ಸರ್ಯಾಗ್ ಕೇಳಾಕಿಲ್ಲ. ಮಂಗ್ಳುಂದು ಅದೆಯಲ್ಲ, ಅಂಥದ್ದೇ ನಂಗೂ ಒಂದ್ ತಂದ್ಕೊಡು. ಬೀಗ ಇರಾದೇ ನೋಡಿ ತತ್ತಾ' ಎಂದರು.

ಹೆಂಗಸರು ಕೆಲಸವಿಲ್ಲದೆ ಹೊಸಿಲು ದಾಟಬಾರದೆಂಬ ಕಟ್ಟಳೆಯನ್ನು ಆ ಮನೆಯಲ್ಲಿ ಇಷ್ಟು ಕಾಲ ಕಾಪಾಡಿಕೊಂಡು ಬಂದವರು ಅವರೇ. ಎಲ್ಲರಿಗಿಂತ ಹೆಚ್ಚು ವರ್ಷ ಅದರೊಳಗೆ ಇದ್ದವರೂ ಅವರೇ ಎಂಬುದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಹಾಸನದ ಅಂಗಡಿಗಳಲ್ಲಿ ಬೀಗ ಹಾಕಿದ ಫೋನನ್ನೇ ಬೇಕೆಂದು ಹುಡುಕಿದ ಗಿರಾಕಿ ಬಹುಶಃ ನಾನೊಬ್ಬಳೇ. ಅಂಗಡಿಯವನು, 'ಬೇರೆ ಸಿಮ್ ಹಾಕಕ್ಕೇ ಆಗಲ್ಲ ಮೇಡಂ, ಆಮೇಲೆ ಬಂದು ಬೈಬೇಡಿ' ಎಂದು ಮತ್ತೆ ಮತ್ತೆ ಎಚ್ಚರಿಸಿದ. ಆಗುವುದಿಲ್ಲ ತಾನೇ ಎಂದು ನಾನೂ ಮತ್ತೆ ಮತ್ತೆ ಕೇಳಿ ಖಚಿತಪಡಿಸಿಕೊಂಡೆ.

ಮೊನ್ನೆ ಸಂಜೆ ಅತ್ತೆಯ ಹೊಸ ಸಂಖ್ಯೆಯಿಂದ ಕರೆ ಬಂತು. ಅವರು ತಾವಾಗಿ ಕರೆ ಮಾಡಿದರೆಂದರೆ ಏನೋ ಕೆಲಸವಿದೆ, ಯಾರಿಗೋ ಹುಷಾರಿಲ್ಲ, ಇಲ್ಲವೇ ಯಾರೋ ತೀರಿಕೊಂಡರು ಎಂದೇ ಅರ್ಥ. ಗಾಬರಿಯಿಂದ, 'ಏನಾಯ್ತು ಅತ್ತೆ, ಎಲ್ಲ ಚೆನ್ನಾಗಿದ್ದೀರ ತಾನೇ?' ಎಂದೆ. ಆ ಕಡೆ ಜೋರಾಗಿ ಗಾಳಿ ಬೀಸುತ್ತಿತ್ತು, ಹಿಂದೆ ಹೆಂಗಸರು ನಗುತ್ತಿದ್ದರು.

'ಏನೂ ಆಗಿಲ್ಲ ಕಣವ್ವ' ಎಂದರು ಅತ್ತೆ. 'ಸುಮ್ಕೆ ಮಾಡ್ದೆ.'